ನೂರು ವೋಲ್ಟಿನ ನಾದೋಪಾಸನೆ

ಜಪಾನಿನಿಂದ ಆಂಪ್ಲಿಫೈಯರ್ ತರಿಸಲೋ ಬೇಡವೋ ಎಂದು ತೂಗಿ ನೋಡುತ್ತಿದ್ದೇನೆ ಅನ್ನುವವರನ್ನು ನಂಬಬೇಡಿ. ಅವರು ಆಗಲೇ ದುಡ್ಡು ಕಳಿಸಿಯಾಗಿದೆ. ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆ ಮುಗಿಸಿ ಬಂದಮೇಲೆ ಜಾತಕ ಹೊಂದಿಸುವವರ ಹಾಗೆ, ರಿಸ್ಕಿನ ಲೆಕ್ಕ ಹಾಕಲು ಈಗ ಕೂತಿದ್ದಾರೆ. ಮೂವತ್ತಾರು ಗುಣವೂ ಕೂಡಿಬರಲೇಬೇಕು, ಬರುತ್ತವೆ.

ಹೀಗೆ ತರಿಸುವ ಗ್ರೇ ಮಾರ್ಕೆಟ್ ಮಾಲೆಂದರೆ ಕದ್ದದ್ದಲ್ಲ, ನಕಲಿಯೂ ಅಲ್ಲ. ಅದೇ ಕಾರ್ಖಾನೆ, ಅದೇ ಡಬ್ಬ, ಇಲ್ಲಿನ ಡಿಸ್ಟ್ರಿಬ್ಯೂಟರ್ ಕೈ ದಾಟದೆ ಬಂದದ್ದು ಅಷ್ಟೆ. ನಮ್ಮ ಬಡಾವಣೆಯ ರಾಯರೊಬ್ಬರು ಇದನ್ನು "ಮಧ್ಯವರ್ತಿಗಳ ನಿರ್ಮೂಲನೆ" ಎಂದು ಕರೆಯುತ್ತಾರೆ. ಮಧ್ಯವರ್ತಿಯ ಜೊತೆಗೆ ವಾರಂಟಿ, ಬಿಡಿಭಾಗ ಮತ್ತು 230 ವೋಲ್ಟು ಕೂಡ ನಿರ್ಮೂಲನೆಯಾದ ವಿಷಯವನ್ನು ಅವರು ಹೆಂಡತಿಗೆ ಇನ್ನೂ ಹೇಳಿಲ್ಲ.

ಜಪಾನಿನ ಗೋಡೆಯಿಂದ ಬರುವುದು 100 ವೋಲ್ಟ್. ಅಲ್ಲಿಯ ಪೆಟ್ಟಿಗೆಯನ್ನು ನೇರವಾಗಿ ನಮ್ಮ ಸಾಕೆಟ್ಟಿಗೆ ಸಿಕ್ಕಿಸಿದರೆ ಮೊದಲು ಫ್ಯೂಸ್ ಹೋಗುತ್ತದೆ. ಅದು ಅದೃಷ್ಟ ಇದ್ದವರಿಗೆ. ಹಾಗಾಗಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತರಬೇಕು. ರಾಯರು ಆಂಪ್ಲಿಫೈಯರ್‌ಗೆ ದುಡ್ಡು ಸುರಿದದ್ದೇ "ಸ್ವರ-ಸ್ವರದ ನಡುವಿನ ನಿಶ್ಶಬ್ದ" ಕೇಳುವುದಕ್ಕೆ. ಈಗ ಆಲಾಪ ನಿಂತಲ್ಲೆಲ್ಲ ಸೋಫಾ ಹಿಂದಿನಿಂದ ಆ ಕಬ್ಬಿಣದ ಡಬ್ಬ ಗುಂಯ್ ಎನ್ನುತ್ತದೆ. ಬಂದವರು ತಂಬೂರಿ ಅಂದುಕೊಳ್ಳುತ್ತಾರೆ, ರಾಯರು ತಿದ್ದುವುದಿಲ್ಲ. ಅದೂ ಅಲ್ಲದೆ ಆ ಡಬ್ಬ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹದ್ದುಬಸ್ತಿನಲ್ಲಿಡುವುದಿಲ್ಲ. ಬೆಸ್ಕಾಂನವರು ಉದಾರವಾಗಿ 250 ಕೊಟ್ಟ ರಾತ್ರಿ, ಇದೂ ಉದಾರವಾಗಿ 109 ಕೊಡುತ್ತದೆ.

ರೆಕಾರ್ಡ್ ಸುತ್ತಿಸುವ ಟರ್ನ್‌ಟೇಬಲ್ ತರಿಸಿದವರ ಕಥೆ ಇನ್ನೂ ಸೊಗಸು. ಜಪಾನ್ ಒಂದೇ ದೇಶವಾದರೂ ಕರೆಂಟಿನ ಮಟ್ಟಿಗೆ ಎರಡು: ಟೋಕಿಯೋ ಕಡೆ 50 ಹರ್ಟ್ಸ್ (ಅಂದರೆ ಕರೆಂಟು ಸೆಕೆಂಡಿಗೆ 50 ಆವರ್ತ ಹಾಕುತ್ತದೆ), ಒಸಾಕಾ ಕಡೆ 60. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಒಬ್ಬರು ಜರ್ಮನಿಯ ಜನರೇಟರ್ ತಂದರು, ಇನ್ನೊಬ್ಬರು ಅಮೆರಿಕದ್ದು ತಂದರು, ಅಲ್ಲಿಂದ ಇಲ್ಲಿಯವರೆಗೆ ರಾಜಿಯಾಗಿಲ್ಲ. (ಕಾವೇರಿ ವಿವಾದ ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.) ಒಸಾಕಾದ 60 ಹರ್ಟ್ಸ್ ಪುಲ್ಲಿ ಹಾಕಿದ ಹಳೆಯ ಎ.ಸಿ. ಮೋಟಾರಿನ ಯಂತ್ರವನ್ನು ಬೆಂಗಳೂರಿನ 50ಕ್ಕೆ ಹಚ್ಚಿದರೆ, ನಿಮಿಷಕ್ಕೆ 33 ಚಿಲ್ಲರೆ ಸುತ್ತಬೇಕಾದ ತಟ್ಟೆ 28ರ ಹತ್ತಿರ ಸುತ್ತುತ್ತದೆ. ಶ್ರುತಿ ಹಾರ್ಮೋನಿಯಂನಲ್ಲಿ ಮೂರು ಮನೆ ಕೆಳಗಿಳಿಯುತ್ತದೆ. ಲತಾ ಮಂಗೇಶ್ಕರ್ ಹಾಡಿದರೂ ಗಂಗೂಬಾಯಿ ಹಾನಗಲ್ಲರ ಘನಗಾಂಭೀರ್ಯ! ಇದನ್ನೇ "ವಿನೈಲ್‌ನ ವಾರ್ಮ್‌ನೆಸ್" ಎಂದು ಮೆಚ್ಚಿ ತಲೆದೂಗಿದವರನ್ನು ಬಲ್ಲೆ.

ಟ್ಯೂನರ್, ಅಂದರೆ ರೇಡಿಯೋ ಪೆಟ್ಟಿಗೆಯ ವಿಚಾರ ಎತ್ತುವುದೇ ಬೇಡ. ಜಪಾನಿನ ಎಫ್‌ಎಂ 76ರಿಂದ ಶುರುವಾಗುತ್ತದೆ, ಹಳೆಯ ಸೆಟ್ಟುಗಳಲ್ಲಿ ಬಹುಪಾಲು 90ಕ್ಕೆ ಮುಳ್ಳು ನಿಲ್ಲುತ್ತದೆ. ನಮ್ಮ ರೇಡಿಯೋ ಸಿಟಿ ಇರುವುದು 91.1ರಲ್ಲಿ, ರೇನ್‌ಬೋ 101.3ರಲ್ಲಿ.

ಇನ್ನು ಸರ್ಕಾರ. ಹಾಂಗ್‌ಕಾಂಗಿನ ವ್ಯಾಪಾರಿ ಬಲು ಕರುಣಾಳು, ಪಾರ್ಸೆಲ್ ಮೇಲೆ ತಾನಾಗಿಯೇ "ಗಿಫ್ಟ್, 20 ಡಾಲರ್" ಎಂದು ಬರೆಯುತ್ತಾನೆ. ದಾರಿಯಲ್ಲಿ ಒಡೆದುಹೋದರೆ ವಿಮೆಯೂ 20 ಡಾಲರಿನದೇ, ಅದು ಬೇರೆ ಮಾತು. ಆದರೆ ಅವನಿಗೆ ತಿಳಿಯದ ಸಂಗತಿಯೆಂದರೆ, 5,000 ರೂಪಾಯಿಯೊಳಗಿನ ಗಿಫ್ಟಿಗೆ ಇದ್ದ ಸುಂಕ ವಿನಾಯಿತಿಯ ಬಾಗಿಲನ್ನು ನಮ್ಮ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ 2019ರ ಡಿಸೆಂಬರಿನಲ್ಲೇ ಮುಚ್ಚಿತು. ಎರಡಕ್ಕೆ ಮಾತ್ರ ರಿಯಾಯಿತಿ: ಜೀವರಕ್ಷಕ ಔಷಧಿ ಮತ್ತು ರಾಖಿ. ಅದಕ್ಕೂ ಬ್ರ್ಯಾಕೆಟ್ಟಿನಲ್ಲಿ ಒಂದು ಎಚ್ಚರಿಕೆ ಇದೆ: ರಾಖಿ ಸರಿ, ರಾಖಿಯ ಜೊತೆಗಿನ ಉಡುಗೊರೆ ಇಲ್ಲ. ತಂಗಿಯ ಪ್ರೀತಿಯನ್ನು ದಾರದಿಂದ ಇಷ್ಟು ನಾಜೂಕಾಗಿ ಬೇರ್ಪಡಿಸಿದ ಗುಮಾಸ್ತರಿಗೆ ನನ್ನ ನಮಸ್ಕಾರ. ಅಂದಿನಿಂದ ರಾಯರು ಮಣಿಕಟ್ಟಿಗೆ ಕಟ್ಟಿಕೊಳ್ಳುವಷ್ಟು ಸಣ್ಣ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಒಗ್ಗುವಂತೆ ಬದಲಿಸುವ ಡಬ್ಬ) ಹುಡುಕುತ್ತಿದ್ದಾರೆ.

ನಿಯತ್ತಾಗಿ ಸುಂಕ ಕಟ್ಟುತ್ತೇನೆ ಎಂದರೂ ಸುಂಕ ಬರೀ ಮಾಲಿನ ಮೇಲಲ್ಲ, ಸಾಗಾಣಿಕೆ ಮತ್ತು ವಿಮೆಯ ಮೇಲೂ ಬೀಳುತ್ತದೆ. ಆಮೇಲೆ ಮಾಲು ಮತ್ತು ಸುಂಕ ಎರಡನ್ನೂ ಕೂಡಿಸಿ ಅದರ ಮೇಲೆ ಐಜಿಎಸ್‌ಟಿ. ನಾವು ಕೊಟ್ಟ ತೆರಿಗೆಗೂ ತೆರಿಗೆ. ಇದು ಅನ್ಯಾಯ ಎಂದು ಕೌಂಟರಿನಲ್ಲಿ ವಾದಿಸಿ ನೋಡಬಹುದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಅದಕ್ಕೇ ಜಾಣರು ಭಾವಮೈದುನನನ್ನು ಹಿಡಿಯುತ್ತಾರೆ. 23 ಕಿಲೋ ಸೂಟ್‌ಕೇಸಿನಲ್ಲಿ 19 ಕಿಲೋ ಆಂಪ್ಲಿಫೈಯರ್, ಸುತ್ತ ಬನಿಯನ್ನು, ಟವೆಲ್ಲು. ಅಮ್ಮನಿಗೆಂದು ಕೊಂಡಿದ್ದ ಪ್ರೆಷರ್ ನೋಡುವ ಯಂತ್ರವನ್ನು ಜಾಗ ಸಾಲದೆಂದು ಅಲ್ಲೇ ಬಿಟ್ಟು ಬರುತ್ತಾನೆ.

ಇಷ್ಟಾಗಿಯೂ ಆಂಪ್ಲಿಫೈಯರಿನ ಒಂದು ಚಾನೆಲ್ ಸತ್ತು ಒಂದು ಕಡೆಯ ಸ್ಪೀಕರ್ ಮೂಕವಾಯಿತು ಅನ್ನಿ. ಸರ್ವಿಸ್ ಸೆಂಟರಿನ ಹುಡುಗ ಹಿಂಬದಿಯ ಸ್ಟಿಕ್ಕರಿಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, "ಈ ಸೀರಿಯಲ್ ನಂಬರು ನಮ್ಮ ಸಿಸ್ಟಮ್ಮಲ್ಲಿ ಬರ್ತಿಲ್ಲ ಸಾರ್" ಎನ್ನುತ್ತಾನೆ. ನ್ಯಾಯವೇ. ಆದರೆ ಅದೇ ಬೆಂಚಿನಲ್ಲಿ, ಅಧಿಕೃತ ಡೀಲರ್‌ಗೆ ಪೂರ್ತಿ ದುಡ್ಡು ಕೊಟ್ಟು, ಬಿಲ್ಲನ್ನು ಲ್ಯಾಮಿನೇಟ್ ಮಾಡಿಸಿಕೊಂಡು ಬಂದ ಇನ್ನೊಬ್ಬರು ಕೂತಿರುತ್ತಾರೆ. ಅವರ ಸೀರಿಯಲ್ ನಂಬರು ಸಿಸ್ಟಮ್ಮಲ್ಲಿ ಚೆನ್ನಾಗಿ ಬರುತ್ತದೆ. ಪಾರ್ಟು ಬರುವುದಿಲ್ಲ. "ಜಪಾನಿಂದ ಬರ್ಬೇಕು ಸಾರ್, ಎರಡು ಮೂರು ತಿಂಗಳಾಗತ್ತೆ."

ರಾಯರು ಅವರ ಬಿಲ್ಲನ್ನು ಓರೆಗಣ್ಣಿನಲ್ಲಿ ನೋಡಿದರು. ಮೊತ್ತ ಕಂಡೊಡನೆ ಮುಖದಲ್ಲಿ ಕಳೆ ಬಂತು. ಅವರದೂ ಹಾಳು, ಇವರದೂ ಹಾಳು. ಆದರೆ ರಾಯರದು ಕಡಿಮೆ ದುಡ್ಡಿಗೆ ಹಾಳಾಗಿದೆ. ಮನೆಗೆ ಬಂದವರೇ, ಉಳಿದ ದುಡ್ಡಿಗೆ ಇನ್ನೊಂದು ಆರ್ಡರ್ ಮಾಡಿದರು. ಈ ಸಲ ಅಮೆರಿಕದ್ದು, 120 ವೋಲ್ಟ್.