ಗದ್ದೆ ಎಂಬ ಕಣ್ತಪ್ಪು

ಭಾನುವಾರದ ಪೇಪರ್ ಬಿಡಿಸಿದರೆ ಮೊದಲು ಸುದ್ದಿ ಸಿಗುವುದಿಲ್ಲ, ಗೋವಾ ಸಿಗುತ್ತದೆ. ಪುಟ ತುಂಬಾ ನೀಲಿ ಈಜುಕೊಳ, ಕಾಲು ಇಳಿಬಿಟ್ಟು ಕೂತ ದಂಪತಿ, ‘ಸಮುದ್ರಕ್ಕೆ ಐದೇ ನಿಮಿಷ’. ಗೋವಾದ ವಿಲ್ಲಾ ಮಾರಲು ಮೈಸೂರಿನವರಿಗೆಂದೇ ವಿಶೇಷ ಮೇಳ, ಊಟ ಉಚಿತ. ಊಟ ಉಚಿತ ಅಂದ ಮೇಲೂ ಹೋಗದಿದ್ದರೆ ಊರಿನ ಮರ್ಯಾದೆ ಏನಾಗಬೇಕು? ಹೋದೆ.

ಹೋಟೆಲಿನ ಎಸಿ ಹಾಲಿನ ನಡುವೆ, ಗಾಜಿನ ಪೆಟ್ಟಿಗೆಯೊಳಗೆ ಥರ್ಮಾಕೋಲ್ ಗೋವಾ. ಬೆಂಕಿಪೊಟ್ಟಣದಷ್ಟು ವಿಲ್ಲಾಗಳು, ಸ್ಪಂಜಿನ ತೆಂಗಿನಮರ, ಅಂಟು ಒಣಗಿ ಬಿರುಕು ಬಿಟ್ಟ ಸಮುದ್ರ. ಟೈ ಕಟ್ಟಿದ ಹುಡುಗನೊಬ್ಬ ಕೆಂಪು ಲೇಸರ್ ಚುಕ್ಕಿ ಇಟ್ಟು, ‘ಇದು ನಿಮ್ದು ಸರ್’ ಅಂತ ಹಂಚುತ್ತಿದ್ದ. ನನ್ನ ಪಕ್ಕ ಮದ್ದೂರು ಕಡೆಯ ಹಿರಿಯರೊಬ್ಬರು. ಗರಿಗರಿ ಪಂಚೆ, ಜೇಬಿನಲ್ಲಿ ನಾಲ್ಕಾಗಿ ಮಡಚಿದ ಪಹಣಿ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಖಾತೆ ಆಯ್ತದಾ?’

‘ಸನ್‌ಸೆಟ್ ನೋಡಿ ಸರ್’ ಅಂದ ಹುಡುಗ.

ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು. ಮುಡಾ ಎಂಬ ನಗರಾಭಿವೃದ್ಧಿ ಪ್ರಾಧಿಕಾರ, ಜಮೀನು ಪಡೆದು ಅರ್ಧ ಸೈಟು ಕೊಡುತ್ತಿದ್ದ ಅದರ 50:50 ಎಲ್ಲ ನೋಡಿದ ಊರು ನಮ್ಮದು. ಮನೆ ಹಿಂದಿನ ಮೂವತ್ತು-ನಲವತ್ತು ಸೈಟಿನ ಖಾತೆಗೆ ಎರಡು ಜೊತೆ ಚಪ್ಪಲಿ ಸವೆಸಿದವರು ಘಟ್ಟದಾಚೆಯ ಜಾಗಕ್ಕೆ ಮೊಬೈಲಲ್ಲೇ ಅಡ್ವಾನ್ಸ್ ಒತ್ತುತ್ತಾರೆ. ಸಮುದ್ರದ ಗಾಳಿಗೆ ಇಸಿ (ಋಣಭಾರ ಪತ್ರ) ಯಾರು ಕೇಳುತ್ತಾರೆ!

ಬಿಸಿಲಂತೂ ಬ್ರೋಷರಿನಲ್ಲಿ ಹನ್ನೆರಡು ತಿಂಗಳೂ ಉಂಟು. ನಿಜವಾದ ಗೋವಾಕ್ಕೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ. ಮಂಡ್ಯಕ್ಕೆ 700ರ ಆಸುಪಾಸು. ಬೀಗ ಹಾಕಿದ ವಿಲ್ಲಾದಲ್ಲಿ ಸೋಫಾಕ್ಕೆ ಬೂಷ್ಟು ಹಿಡಿದು, ಉಪ್ಪುಗಾಳಿಗೆ ಎಸಿ ತುಕ್ಕು ತಿನ್ನುತ್ತಿರುವಾಗ ಮಾಲೀಕರು ಇಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತುತ್ತಾ ‘ನಮ್ದೂ ಒಂದು ಗೋವಾದಲ್ಲಿದೆ’ ಅನ್ನುತ್ತಿರುತ್ತಾರೆ. ಹೂಡಿಕೆಯ ಲಾಭ ಅಂದರೆ ಈ ಒಂದು ವಾಕ್ಯ.

ಹುಡುಗ ಹೇಳದೆ ಬಿಟ್ಟ ಒಂದು ಸಂಗತಿ ಮಾತ್ರ ನನಗೆ ಬಹಳ ಇಷ್ಟ. ಪೋರ್ಚುಗೀಸರು 1961ರಲ್ಲಿ ಗಂಟುಮೂಟೆ ಕಟ್ಟಿದರೂ ಅವರ 1867ರ ನಾಗರಿಕ ಸಂಹಿತೆ ಕುಟುಂಬದ ವಿಷಯದಲ್ಲಿ ಅಲ್ಲೇ ಉಳಿದುಕೊಂಡಿತು. ಮದುವೆಗೆ ಮುಂಚೆ ಬೇರೆ ಕರಾರು ಬರೆದುಕೊಳ್ಳದಿದ್ದರೆ ಆಸ್ತಿಯಲ್ಲಿ ಹೆಂಡತಿಗೆ ಅರ್ಧ. ಅವಳ ಸಹಿ ಬೀಳದೆ ಗಂಡ ಮನೆ ಮಾರುವಂತಿಲ್ಲ. ನಮ್ಮ ಕಡೆ ಜಮೀನು ಮಾರಿದ್ದು ಹೆಂಡತಿಗೆ ಗೊತ್ತಾಗುವುದು ಗದ್ದೆಗೆ ಜೆಸಿಬಿ ಇಳಿದ ದಿನ. ಈ ಕಾನೂನು ಮಂಡ್ಯಕ್ಕೆ ಬಂದರೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದಿನ ಜೆರಾಕ್ಸ್ ಅಂಗಡಿಗಳಲ್ಲಿ ಅರ್ಧ ಬಾಗಿಲು ಹಾಕಬೇಕಾದೀತು. ಹಿರಿಯರ ಕಿವಿಗೆ ಇದನ್ನು ಹಾಕಿದೆ. ಅದು ಗೋವಾದವರಿಗಷ್ಟೇ ಅಂತ ಹೇಳಿ ಮುಗಿಸುವ ಮೊದಲೇ ಬ್ರೋಷರ್ ಮಡಚಿ, ‘ಹಂಗಾರೆ ಬ್ಯಾಡ ಬುಡಿ’ ಅಂದರು. ಎದ್ದು ಹೋಗಲಿಲ್ಲ. ಊಟ ಬಾಕಿ ಇತ್ತು.

ಗೋವಾದ ಇನ್ನೊಂದು ಜಾಣತನಕ್ಕೆ ಕೈಮುಗಿಯಬೇಕು. ಅಲ್ಲಿನ ನಗರ ಯೋಜನಾ ಕಾಯ್ದೆಗೆ 2023ರಲ್ಲಿ 17(2) ಅಂತ ಒಂದು ಬಾಲ ಅಂಟಿಸಿದರು. ಎಲ್ಲಿ ಗದ್ದೆ, ಎಲ್ಲಿ ಮನೆ ಅಂತ ಗುರುತು ಹಾಕುವ ಪ್ರಾದೇಶಿಕ ಯೋಜನೆಯಲ್ಲಿ ಕಣ್ತಪ್ಪಿನಿಂದಾದ ದೋಷಗಳನ್ನು ತಿದ್ದುವುದಕ್ಕಂತೆ. ತಿದ್ದಲು ಕೂತರೆ ದೋಷ ಎಲ್ಲಿ ಸಿಗಬೇಕು ಹೇಳಿ? ಗದ್ದೆಯಲ್ಲಿ, ತೋಟದಲ್ಲಿ, ಗುಡ್ಡದಲ್ಲಿ. ಅಜ್ಜನ ಕಾಲದಿಂದ ಭತ್ತ ನಾಟಿ ಮಾಡಿದವರಿಗೆ ತಾವು ಮೊಣಕಾಲುದ್ದ ಕಣ್ತಪ್ಪಿನೊಳಗೆ ನಿಂತಿದ್ದೇವೆ ಅಂತ ಗೊತ್ತೇ ಇರಲಿಲ್ಲ, ಪಾಪ. ಜನ ಕೋರ್ಟಿಗೆ ಹೋದರು. 2025ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಆ ಸೆಕ್ಷನ್ನಿನ ನಿಯಮಗಳನ್ನು ರದ್ದು ಮಾಡಿತು. ಅಷ್ಟರೊಳಗೆ ಜಾಗದ ವಲಯ ಬದಲಿಸಲು 39ಎ ಅಂತ ಮತ್ತೊಂದು ಬಾಲ ಬೆಳೆದಾಗಿತ್ತು.

ಹಿರಿಯರ ಜೇಬಿನ ಪಹಣಿ ನಾಲೆ ನೀರಿನ ಗದ್ದೆಯದು. ಅದನ್ನು ಮಾರಿ, ಇನ್ಯಾರದೋ ಗದ್ದೆ ಮುಚ್ಚಿ ಕಟ್ಟಿದ ಮನೆ ಕೊಳ್ಳಲು ಬಂದಿದ್ದರು. ಅವರ ಮೇಲೆ ನನಗೆ ಕೋಪವಿಲ್ಲ. ಕಬ್ಬಿನ ಬಾಕಿಗೆ ಕಾದು ಕಾದು ಸಾಕಾದವರು. ಆದರೆ ಕಾವೇರಿ ನೀರಿಗೆ ಹೆದ್ದಾರಿಯಲ್ಲಿ ಅಡ್ಡ ಮಲಗುವ ಜಿಲ್ಲೆ ಮಂಡ್ಯ. ಯಾರದೋ ಊರಿನ ಬಾವಿ ಬತ್ತಿದರೂ ನಮ್ಮ ಈಜುಕೊಳಕ್ಕೆ ಟ್ಯಾಂಕರ್ ಬಂದರೆ ಸಾಕು ಅನ್ನುವಷ್ಟು ಯಾವಾಗ ಕೆಟ್ಟೆವು? ಅದೂ ವರ್ಷಕ್ಕೆ ನಾಲ್ಕು ದಿನ ಇರುವುದಕ್ಕೆ. ಮಿಕ್ಕ ದಿನ ಬೀಗ. ಆ ಊರಲ್ಲೇ ಹುಟ್ಟಿದವನು ಬಾಡಿಗೆ ಮನೆಗೆ ಅಲೆಯಲಿ. ಥೂ, ಬರೆಯುವುದಕ್ಕೂ ಬೇಸರ.

ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಪಾಯಸ ಸುರಿಯುತ್ತಾ ಹಿರಿಯರು, ತಮ್ಮ ಗದ್ದೆಯ ಪಕ್ಕದ್ದು ಆಗಲೇ ಲೇಔಟ್ ಆಗಿದೆ ಅಂದರು. ಹಳದಿ ಬಳಿದ ಕಲ್ಲು ನೆಟ್ಟು, ಕಮಾನು ಕಟ್ಟಿದ್ದಾರಂತೆ. ಎಡಗೈಯಲ್ಲಿ ಮೊಬೈಲ್ ಸರಿಸಿ ಅದರ ಬ್ರೋಷರ್ ತೋರಿಸಿದರು. ನಾಲೆಯನ್ನು ‘ರಿವರ್ ವ್ಯೂ’ ಅಂತ ಹಾಕಿದ್ದಾರೆ. ನೀರು ಬಿಟ್ಟಿದ್ದ ದಿನ ತೆಗೆದ ಫೋಟೋ.