ಕಡ್ಡಿ ಎಲ್ಲಿಂದ ತರೋಣ ಸ್ವಾಮಿ?

ಇವತ್ತು ಅಂಗಡಿಗೆ ಬಂದಿದ್ದ ಹಿರಿಯರೊಬ್ಬರು ನಮ್ಮ ಊದುಬತ್ತಿಯ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಅಪ್ಪಟ ಸ್ವದೇಶಿ ತಾನೇ?’ ಎಂದರು. ಬತ್ತಿ ಮೈಸೂರಿನದು, ಒಳಗಿನ ಬಿದಿರು ಕಡ್ಡಿ ವಿಯೆಟ್ನಾಮಿನದು ಎಂದೆ. ದೇವರಿಗೇ ಮೋಸ ಮಾಡಿದವನನ್ನು ಕಂಡ ಹಾಗೆ ನನ್ನನ್ನು ನೋಡಿ, ಸ್ವಾವಲಂಬನೆಯ ಪಾಠ ಹೇಳಿ, ಪಕ್ಕದಂಗಡಿಯಲ್ಲಿ ಐದು ರೂಪಾಯಿ ಕಡಿಮೆಯ ಪೊಟ್ಟಣ ಕೊಂಡು ಹೋದರು. ಅದರ ಕಡ್ಡಿ ಯಾವ ಊರಿನದೆಂದು ಅಲ್ಲಿ ಕೇಳಲಿಲ್ಲ, ಬಿಡಿ.

ನಮ್ಮಲ್ಲಿ ಬಿದಿರಿಗೇನು ಬರವೇ ಎಂದು ನೀವೂ ಕೇಳುತ್ತೀರಿ, ಗೊತ್ತು. ಕೊಡಗಿನಲ್ಲಿದೆ, ದಾಂಡೇಲಿಯಲ್ಲಿದೆ, ಈಶಾನ್ಯದಲ್ಲಂತೂ ಬೇಕಾದಷ್ಟಿದೆ. ಮೆಳೆ ಇದ್ದ ಮಾತ್ರಕ್ಕೆ ಕಡ್ಡಿ ಉದುರುವುದಿಲ್ಲ. ಕಡ್ಡಿಯಲ್ಲಿ ಗಿಣ್ಣು ಬರಬಾರದು. ಎರಡು ಗಿಣ್ಣುಗಳ ನಡುವಿನ ಭಾಗವೇ ಆಗಬೇಕು, ಅದೂ ಉದ್ದವಿರಬೇಕು. ಹಾಗಾಗಿ ಒಂದು ಗಳದಲ್ಲಿ ಕಡ್ಡಿಗೆ ಒದಗುವುದು ಸ್ವಲ್ಪವೇ. ಉಳಿದದ್ದನ್ನು ಚಾಪೆಗೋ ಕಾಗದಕ್ಕೋ ಇದ್ದಿಲಿಗೋ ಕೊಳ್ಳುವವರು ಹತ್ತಿರದಲ್ಲಿದ್ದರೆ ಕಡ್ಡಿ ಅಗ್ಗ. ಇಲ್ಲದಿದ್ದರೆ ಆ ಕಸದ ಬೆಲೆಯನ್ನೂ ಕಡ್ಡಿಯೇ ಹೊರಬೇಕು.

ಅಮ್ಮ ಹಲಗೆಯ ಮೇಲೆ ಬತ್ತಿ ಹೊಸೆಯುತ್ತಿದ್ದ ಕಾಲದಲ್ಲಿ ತ್ರಿಪುರಾದ ಕೈಸೀಳು ಕಡ್ಡಿಯೇ ಸಾಕಿತ್ತು. ತುಸು ಡೊಂಕಿದ್ದರೂ ಅವಳ ಅಂಗೈ ಸರಿಮಾಡಿಕೊಳ್ಳುತ್ತಿತ್ತು. ಈಗ ಕಡ್ಡಿಗೆ ಹಿಟ್ಟು ಮೆತ್ತುವ ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಕಡ್ಡಿ ದುಂಡಗೆ, ಒಂದೇ ದಪ್ಪಕ್ಕೆ ಇರಬೇಕು. ಸಿಬಿರೆದ್ದ ಒಂದೇ ಒಂದು ಕಡ್ಡಿ ಮೂತಿಯಲ್ಲಿ ಸಿಕ್ಕಿಕೊಂಡರೆ ಸಾಕು, ಯಂತ್ರ ನಿಲ್ಲಿಸಿ, ಮೂತಿ ಬಿಚ್ಚಿ, ಗಟ್ಟಿಯಾದ ಇದ್ದಿಲ ಹಿಟ್ಟನ್ನು ತಂತಿಯಿಂದ ಕೆದಕಬೇಕು. ಅಷ್ಟರಲ್ಲಿ ಕರೆಂಟು ಹೋಗಿರುತ್ತದೆ.

ಇನ್ನು ಸರ್ಕಾರದ ಕೃಪೆ. 2011ರಲ್ಲಿ ದುಂಡು ಕಡ್ಡಿಯ ಆಮದು ಸುಂಕವನ್ನು ಶೇ. 30ರಿಂದ 10ಕ್ಕೆ ಇಳಿಸಿದರು. ಹೊರಗಿನ ಕಡ್ಡಿ ಹೊಳೆಯಂತೆ ಬಂತು, ಇಲ್ಲಿ ಸೀಳುತ್ತಿದ್ದವರು ಕಸುಬು ಬಿಟ್ಟರು. 2019ರ ಆಗಸ್ಟ್‌ನಲ್ಲಿ ಸಿದ್ಧ ಊದುಬತ್ತಿಯ ಆಮದಿಗೆ ನಿರ್ಬಂಧ ಹೇರಿದಾಗ ನಾವೆಲ್ಲ ಸಿಹಿ ಹಂಚಿದೆವು. 2020ರ ಜೂನ್‌ನಲ್ಲಿ ಕಡ್ಡಿಯ ಸುಂಕ ಶೇ. 25ಕ್ಕೆ ಏರಿತು, ಆ ಸಿಹಿಯ ಬಿಲ್ಲು ನಮ್ಮ ಕೈಗೇ ಬಂತು. ಬಿಟ್ಟುಹೋದ ಕಸುಬು ಅಧಿಸೂಚನೆ ಓದಿ ಮರುದಿನ ಕೆಲಸಕ್ಕೆ ಹಾಜರಾಗುತ್ತದೆಯೇ? ಅರಣ್ಯ ಕಾಯ್ದೆಯಲ್ಲಿ ಬಿದಿರು ‘ಮರ’ವಾಗಿತ್ತು ಮಾರಾಯರೇ, 2017ರವರೆಗೆ! ಹುಲ್ಲಿನ ಜಾತಿಯದನ್ನು ಹೊಲದಲ್ಲಿ ಬೆಳೆದು ಸಾಗಿಸುವುದಕ್ಕೂ ಪರವಾನಗಿಯ ಗೋಳು.

ಸುಂಕ ಹಾಕದೆ ಇಲ್ಲಿನ ಕಡ್ಡಿ ತಲೆಯೆತ್ತುವುದು ಹೇಗೆ ಎಂದು ಅರ್ಥಶಾಸ್ತ್ರ ಬಲ್ಲ ಗೆಳೆಯ ವಾದಿಸುತ್ತಾನೆ. ಇರಬಹುದು. ಅದು ತಲೆಯೆತ್ತುವವರೆಗೆ ನನ್ನ ಯಂತ್ರಕ್ಕೆ ಅವನ ಪ್ರಬಂಧವನ್ನು ತುರುಕಲೇ? ತ್ರಿಪುರಾದ ಅಗರ್ತಲಾದಿಂದ ಮೈಸೂರಿಗೆ ಲಾರಿ ಬಾಡಿಗೆ ಎಷ್ಟೆಂದು ಒಮ್ಮೆ ವಿಚಾರಿಸಿಕೊಂಡು ಬರಲಿ, ಆಮೇಲೆ ಮಾತಾಡೋಣ.

ನಿಜ ಹೇಳುತ್ತೇನೆ, ವಿಯೆಟ್ನಾಮಿನ ಚೀಲ ಬಿಚ್ಚಿದಾಗಲೆಲ್ಲ ಹೊಟ್ಟೆಕಿಚ್ಚಾಗುತ್ತದೆ. ಹಿಡಿ ತುಂಬ ಎತ್ತಿಕೊಂಡು ಮೇಜಿನ ಮೇಲೆ ಕುಟ್ಟಿದರೆ ಎಲ್ಲ ತುದಿಗಳೂ ಒಂದೇ ಸಮ ನಿಲ್ಲುತ್ತವೆ.

ಹಿಟ್ಟಿಗೆ ಅಂಟು ಕೊಡುವ ಜಿಗಟು ಪುಡಿಯ ವಿಷಯ ಇನ್ನೂ ಎತ್ತಿಲ್ಲ. ನಮಗೆ ಅದೂ ಅಲ್ಲಿಂದಲೇ ಬರುವುದು. ಅದನ್ನು ಬರೆಯಲು ಕೂತರೆ ರಕ್ತದೊತ್ತಡದ ಮಾತ್ರೆ ಹುಡುಕಬೇಕಾಗುತ್ತದೆ, ಇನ್ನೊಂದು ದಿನ ನೋಡೋಣ.