ಫೈಲು ಹಂಗೇ ಇರೋದು ಕಣೋ

ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’ ಸಿನಿಮಾನ ನಾನು ಮೊದಲು ನೋಡಿದ್ದು ಟೀವಿಯಲ್ಲಿ, ಅವರ ಪಕ್ಕ ಕೂತು. ಪಿಂಚಣಿಗಾಗಿ ತಬರ ಅಲೆಯೋದು ನೋಡಿ ನನಗೆ ಮೈಯೆಲ್ಲ ಉರಿ. “ಆ ಗುಮಾಸ್ತನಿಗೆ ಎರಡು ಬಿಗೀಬೇಕು” ಅಂದೆ. ಅಪ್ಪ ಟೀವಿಯಿಂದ ಕಣ್ಣು ಕೀಳದೆ, “ಅವನದೇನೂ ತಪ್ಪಿಲ್ಲ, ಫೈಲು ಹಂಗೇ ಇರೋದು ಕಣೋ” ಅಂದರು. ಆಗ ಅಪ್ಪನ ಮೇಲೇ ಸಿಟ್ಟು ಬಂದಿತ್ತು. ಕಾಸರವಳ್ಳಿಯವರ ಸಿನಿಮಾಗಳ ಬಗ್ಗೆ ನಾನು ಕೇಳಿರೋ ಒಳ್ಳೆಯ ವಿಮರ್ಶೆ ಅದೇ ಅಂತ ಈಗ ಅನ್ನಿಸುತ್ತೆ.

ಕಾಸರವಳ್ಳಿಯವರಿಗೆ ನಾಲ್ಕು ಸ್ವರ್ಣಕಮಲ, ಅಂದ್ರೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ, ಬಂದಿದೆ ಅನ್ನೋದು ಎಲ್ಲರಿಗೂ ಬಾಯಿಪಾಠ. ಸಿನಿಮಾ ನೋಡಿದವರನ್ನ ಹುಡುಕಿದರೆ ಮಾತ್ರ ಕೈಬೆರಳು ಸಾಕು. ನೋಡಿದವರೂ ‘ನಿಧಾನ’ ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ. ನನ್ನ ತಕರಾರು ಅದಲ್ಲ. ಈ ಸಿನಿಮಾಗಳು ಕಷ್ಟ ಆಗೋದು ಯಾಕೆ ಅಂದ್ರೆ, ಬೈಯೋಕೆ ಒಬ್ಬ ಗಟ್ಟಿ ವಿಲನ್ನನ್ನ ಅವರು ಕೊಡೋದಿಲ್ಲ. ತಬರನ ಹೆಂಡತಿ ಅಪ್ಪಿಯ ಕಾಲು ಕೊಳೀತಾ ಇದೆ, ಆಪರೇಷನ್ನಿಗೆ ದುಡ್ಡಿಲ್ಲ, ಕಾಲು ಕಡಿದುಕೊಡು ಅಂತ ಅವನು ಕಟುಕನ ಹತ್ತಿರ ಹೋಗಿ ಕೇಳ್ತಾನೆ. ಅಲ್ಲಿವರೆಗೆ ಅವನನ್ನ ತಳ್ಳಿದ್ದು ಯಾರು? ಒಬ್ಬರ ಹೆಸರು ಹೇಳಿ ನೋಡೋಣ.

‘ಘಟಶ್ರಾದ್ಧ’ದಲ್ಲೂ (1977) ಅಷ್ಟೆ. ಉಡುಪರು ರಾಕ್ಷಸರಲ್ಲ, ವೇದಪಾಠ ಹೇಳಿಕೊಡೋ ಮನುಷ್ಯ. ಶಾಸ್ತ್ರ ಹೇಳಿದ್ದನ್ನ ಮಾಡ್ತಾರೆ, ಬಸುರಿಯಾದ ವಿಧವೆ ಮಗಳು ಯಮುನಾ ಬದುಕಿರೋವಾಗಲೇ ಮಡಕೆ ಒಡೆದು ಅವಳಿಗೆ ಶ್ರಾದ್ಧ ಮಾಡಿಬಿಡ್ತಾರೆ. ಇದನ್ನೆಲ್ಲ ನಾವು ನೋಡೋದು ನಾಣಿ ಅನ್ನೋ ಪುಟ್ಟ ಹುಡುಗನ ಜೊತೆ. ಅವನಿಗೆ ಯಮುನಕ್ಕನ ಮೇಲೆ ಪ್ರೀತಿ ಇದೆ, ಉಳಿಸೋ ಶಕ್ತಿ ಇಲ್ಲ. ಕೊನೆಯಲ್ಲಿ ಅಪ್ಪನ ಜೊತೆ ಊರಿಗೆ ಹೊರಟವನಿಗೆ ಮರದ ಕೆಳಗೆ ತಲೆ ಬೋಳಿಸಿಕೊಂಡು ಕೂತ ಯಮುನಾ ಕಾಣ್ತಾಳೆ. ಅವನು ತಿರುಗಿ ನೋಡ್ತಾ ನೋಡ್ತಾ ಹೋಗ್ತಾನೆ. ನಾವೂ ಹೋಗ್ತೀವಿ, ಅದೇ ಸಂಕಟ.

ಯಾರೂ ಅಷ್ಟಾಗಿ ಚರ್ಚೆ ಮಾಡದ ‘ಮನೆ’ (1990) ನನಗೆ ಇನ್ನೂ ಇಷ್ಟ. ನಗರಕ್ಕೆ ಬಂದ ಗಂಡ ಹೆಂಡತಿಗೆ ಪಕ್ಕದ ಶೆಡ್ಡಿನ ಸದ್ದು ಸಹಿಸೋಕಾಗಲ್ಲ. ಪ್ರಭಾವ ಬಳಸಿ ಶೆಡ್ಡಿನವರನ್ನ ಎಬ್ಬಿಸ್ತಾರೆ. ಆಮೇಲೆ ಅಲ್ಲಿಗೆ ವಿಡಿಯೋ ಗೇಮ್ ಅಂಗಡಿ ಬರುತ್ತೆ! ಇಲ್ಲಿ ಅನ್ಯಾಯ ಮಾಡಿದವರು ನಾವು ಅಯ್ಯೋ ಅಂತಿದ್ದ ಜೋಡಿಯೇ.

ಮೂಲ ಕಥೆಗಳನ್ನ ಕಾಸರವಳ್ಳಿಯವರು ಮುಲಾಜಿಲ್ಲದೆ ಬದಲಾಯಿಸೋದೂ ಇದಕ್ಕೇ ಇರಬೇಕು. ವೈದೇಹಿಯವರ ಕಥೆಯಲ್ಲಿ ಊರಿಗೆ ಬರೋದು ಟಾಕೀಸು. ‘ಗುಲಾಬಿ ಟಾಕೀಸ್’ನಲ್ಲಿ (2008) ಬರೋದು ಬಣ್ಣದ ಟೀವಿ, ಅದೂ ಸೂಲಗಿತ್ತಿ ಗುಲಾಬಿಯ ಮನೆಗೆ. ಬೆಸ್ತರ ಕೇರಿಯ ಹೆಂಗಸರು ಹಿಂಜರೀತಾ ಆ ಸಾಬರ ಮನೆಗೆ ಬಂದು, ಬರ್ತಾ ಬರ್ತಾ ಚಾಪೆ ಹಾಸಿ ಕೂರ್ತಾರೆ. ಕಾರ್ಗಿಲ್ ಯುದ್ಧದ ದಿನಗಳು. ಗುಲಾಬಿಯನ್ನ ದೋಣಿ ಹತ್ತಿಸಿ ಕಳಿಸೋವಾಗ ಆಕೆ ಹೆರಿಗೆ ಮಾಡಿಸಿದ ಊರು ಅಲ್ಲೇ ಇರುತ್ತೆ. ಉಮಾಶ್ರೀ ಮುಖ ನೋಡೋಕಾಗಲ್ಲ.

‘ದ್ವೀಪ’ದಲ್ಲಿ (2002) ಮಳೆ, ಹಿನ್ನೀರು, ಮುಳುಗ್ತಿರೋ ಮನೆ. ಅದನ್ನ ಉಳಿಸೋಕೆ ಹೆಣಗಿದ್ದು ನಾಗಿ. ನೀರು ಇಳಿದ ಮೇಲೆ ಗಂಡ ಗಣಪ ಕೈ ಮುಗಿಯೋದು ದೇವರಿಗೆ. ಹೊಡೆಯಲ್ಲ, ಬಡಿಯಲ್ಲ, ಸುಮ್ಮನೆ ಅವಳ ದುಡಿಮೆಯನ್ನ ಲೆಕ್ಕದಿಂದ ಬಿಟ್ಟುಬಿಡ್ತಾನೆ. ಸೌಂದರ್ಯ ಅವರ ಬೇರೆ ಯಾವ ಸಿನಿಮಾ ಮರೆತರೂ ಆ ನಾಗಿಯನ್ನ ಮರೆಯೋಕಾಗಲ್ಲ.

ಹಾಗಂತ ಎಲ್ಲದಕ್ಕೂ ತಲೆದೂಗೋ ಭಕ್ತ ನಾನಲ್ಲ. ‘ಕೂರ್ಮಾವತಾರ’ದಲ್ಲಿ (2011) ನಿವೃತ್ತಿ ಹತ್ತಿರದ ಗುಮಾಸ್ತ ಆನಂದರಾಯರಿಗೆ ಧಾರಾವಾಹಿಯಲ್ಲಿ ಗಾಂಧಿ ಪಾತ್ರ ಸಿಗುತ್ತೆ. ಎಂಥಾ ಎಳೆ! ಆದರೆ ಅಲ್ಲಿ ವಿಚಾರ ಮುಂದೆ ಮುಂದೆ, ಮನುಷ್ಯ ಹಿಂದೆ. ದೃಶ್ಯ ಶುರುವಾಗ್ತಿದ್ದಂಗೇ ಏನು ಹೇಳೋಕೆ ಹೊರಟಿದಾರೆ ಅಂತ ಗೊತ್ತಾಗಿಬಿಡುತ್ತೆ. ತಬರನ ಕಚೇರಿಯಲ್ಲಿ ಇದ್ದ ಆ ಧೂಳು ಇಲ್ಲಿಲ್ಲ.

ಅಪ್ಪನಿಗೂ ಇದನ್ನ ತೋರಿಸಿದೆ. ಅರ್ಧಕ್ಕೇ ಎದ್ದರು. “ಯಾಕೆ?” ಅಂದೆ.

“ಮೂವತ್ತಮೂರು ವರ್ಷ ಸರ್ವೀಸು ಮಾಡಿದೀನಿ. ಇಂಥ ಗುಮಾಸ್ತನ್ನ ಒಬ್ಬನ್ನೂ ನೋಡಿಲ್ಲಪ್ಪ” ಅಂದು ಮಲಗೋಕೆ ಹೋದರು.